ಟ್ಯೂಬುಲರ್ರೋ ಲಿಥಿಯಮ್ಮೋ? ಅಗ್ಗದ ಹೊತ್ತಿನ ಕರೆಂಟು ಯಾವುದಕ್ಕೆ ಲಾಭ

ವಿಜಯಪುರದ ನಮ್ಮ ಮನೆಯಲ್ಲಿ ಎರಡು ಇನ್ವರ್ಟರ್ ಬ್ಯಾಟರಿಗಳಿವೆ. ಕೆಳಗಿನ ಮನೆಗೆ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಟ್ಯೂಬುಲರ್, ಅಂದರೆ ನೀರು ಹಾಕುವ ಸೀಸದ ಬ್ಯಾಟರಿ; ಮೇಲಿನ ಮನೆಗೆ 100 ಎಎಚ್ ಲಿಥಿಯಂ. ಕರೆಂಟು ಅಗ್ಗ ಇರುವ ಹೊತ್ತಿನಲ್ಲಿ ತುಂಬಿಸಿಟ್ಟು, ತುಟ್ಟಿ ಇರುವ ಹೊತ್ತಿನಲ್ಲಿ ಬಳಸಿದರೆ ದುಡ್ಡು ಉಳಿಯುತ್ತದಾ? ಇದನ್ನು ತಿಳಿಯಲು ಎರಡಕ್ಕೂ ಎನರ್ಜಿ ಮೀಟರ್ ಹಾಕಿ ಅಳೆದೆ.

ಬ್ರಿಟನ್ನಿನಲ್ಲಿ ಜನ ಮಧ್ಯರಾತ್ರಿ ಕಳೆದ ಮೇಲೆ ಮನೆಯ ಬ್ಯಾಟರಿ ತುಂಬಿಸುತ್ತಾರೆ. ಅಲ್ಲಿನ ಕೆಲವು ಪ್ಲಾನ್‌ಗಳಲ್ಲಿ ಆ ಹೊತ್ತಿನ ದರ ಹಗಲಿನ ಮೂರನೇ ಒಂದರಷ್ಟೇ. ನಮ್ಮ ಮನೆ ಬಿಲ್ಲಿನಲ್ಲಿ ಹಗಲು ರಾತ್ರಿ ಒಂದೇ ದರ. ಹಾಗಾಗಿ ಇವತ್ತಿನ ಮಟ್ಟಿಗೆ ಯಾವ ಹೊತ್ತಿನಲ್ಲಿ ತುಂಬಿಸಿದರೂ ಉಳಿತಾಯವಿಲ್ಲ. ಆದರೆ ಕೇಂದ್ರ ಸರ್ಕಾರ 2023ರಲ್ಲಿ ತಂದ ನಿಯಮ ಗಮನಿಸಬೇಕು. ಸ್ಮಾರ್ಟ್ ಮೀಟರ್ ಬಂದ ಮನೆಗೆ ಹೊತ್ತಿಗೊಂದು ದರ. ಬಿಸಿಲಿನ ಎಂಟು ಗಂಟೆ ಕನಿಷ್ಠ 20% ಕಡಿಮೆ, ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ ಕನಿಷ್ಠ 10% ಹೆಚ್ಚು. ಅಂದರೆ ನಮ್ಮಲ್ಲಿ ಅಗ್ಗದ ಹೊತ್ತು ರಾತ್ರಿಯಲ್ಲ, ಮಟಮಟ ಮಧ್ಯಾಹ್ನ. ಸೋಲಾರ್ ಕರೆಂಟು ತುಂಬಿ ಬರುವಾಗ ಕಲ್ಲಿದ್ದಲು ಸ್ಥಾವರಗಳು ಉತ್ಪಾದನೆ ತಗ್ಗಿಸಬೇಕಾಗುತ್ತದೆ. ಅದೇ ಕಾರಣ.

ಈಗ ಅಳತೆಗೆ ಬರೋಣ. ಒಂದು ಯೂನಿಟ್ ವಾಪಸ್ ಕೊಡಲು ಟ್ಯೂಬುಲರ್ 1.4 ಯೂನಿಟ್‌ಗಿಂತ ತುಸು ಜಾಸ್ತಿಯೇ ನುಂಗಿತು. ಲಿಥಿಯಂ 1.2ರ ಒಳಗೇ ಮುಗಿಸಿತು. ಇದರಲ್ಲಿ ಇನ್ವರ್ಟರಿನ ನಷ್ಟವೂ ಸೇರಿದೆ. ಯೂನಿಟ್ ದರ 6 ರೂಪಾಯಿ ಅಂತ ಹಿಡಿಯಿರಿ. ಹೊಸ ನಿಯಮದ ಪ್ರಕಾರ ಮಧ್ಯಾಹ್ನ 4.80, ಸಂಜೆ 6.60. ಟ್ಯೂಬುಲರ್‌ನಿಂದ ಸಂಜೆ ಸಿಗುವ ಒಂದು ಯೂನಿಟ್‌ಗೆ ಮಧ್ಯಾಹ್ನ ಕೊಟ್ಟದ್ದು ಸುಮಾರು 6.85! ನೇರವಾಗಿ ಸಂಜೆಯ ಕರೆಂಟನ್ನೇ ಬಳಸಿದ್ದರೆ ಇನ್ನೂ ಅಗ್ಗವಾಗುತ್ತಿತ್ತು. ಲಿಥಿಯಂನಲ್ಲಿ ಅದೇ ಯೂನಿಟ್ 5.65ಕ್ಕೆ ಬೀಳುತ್ತದೆ. ಯೂನಿಟ್‌ಗೆ 95 ಪೈಸೆ ಉಳಿತು.

ದಿನಕ್ಕೆ ಒಂದು ಯೂನಿಟ್ ಬಳಸಿದರೂ ವರ್ಷಕ್ಕೆ ಸುಮಾರು 350 ರೂಪಾಯಿ. ಬ್ಯಾಟರಿಯ ಬೆಲೆ ಇದರಿಂದ ಹುಟ್ಟುವುದಿಲ್ಲ. ಉಳಿತಾಯ ಒಂದಕ್ಕೇ ಅಂತ ಲಿಥಿಯಂ ಕೊಳ್ಳಬೇಡಿ ಅನ್ನುತ್ತೇನೆ. ಕರೆಂಟು ಹೋದಾಗ ಹೇಗೂ ಬ್ಯಾಟರಿ ಬೇಕಲ್ವಾ? ಹಾಗಿದ್ದರೆ ಮಾತು ಬೇರೆ.

ಹೆಸರಿಗೆ ಟ್ಯೂಬುಲರ್ ದೊಡ್ಡದು, 1.8 ಯೂನಿಟ್ ಹಿಡಿಯುತ್ತದೆ. ಬಾಳಿಕೆ ಬರಬೇಕಾದರೆ ಅದರ ಅರ್ಧ ಮಾತ್ರ ತೆಗೆಯಬೇಕು. ಲಿಥಿಯಂ 1.28 ಹಿಡಿದರೂ ಒಂದು ಯೂನಿಟ್ ಧಾರಾಳವಾಗಿ ಕೈಗೆ ಬರುತ್ತದೆ. ಚಾರ್ಜಿಂಗ್‌ನಲ್ಲಂತೂ ಹೋಲಿಕೆಯೇ ಇಲ್ಲ. ಟ್ಯೂಬುಲರ್ ಕೊನೆಯ ಪಾಲು ತುಂಬಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅರ್ಧ ಖಾಲಿಯಾದದ್ದು ಪೂರ್ತಿ ತುಂಬುವಷ್ಟರಲ್ಲಿ ಅಗ್ಗದ ಎಂಟು ಗಂಟೆ ಮುಗಿದಿರುತ್ತದೆ. ಲಿಥಿಯಂ ಊಟದ ಹೊತ್ತಿಗೆ ಹಚ್ಚಿದರೆ ಸಂಜೆ ಚಹಾದ ಹೊತ್ತಿಗೆ ತಯಾರು.

ನಮ್ಮ ಊರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಸೀಸದ ಬ್ಯಾಟರಿಗೆ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಸ್ಸು ಹತ್ತಿರಹತ್ತಿರ ಅರ್ಧವಾಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಬೇರೆ. ಲಿಥಿಯಂಗೂ ಬಿಸಿ ಹಿತವಲ್ಲ, ಆದರೆ ನೀರಿನ ಗೊಡವೆ ಇಲ್ಲ. ಎರಡನ್ನೂ ಮಾಳಿಗೆಯ ತಗಡಿನ ಶೆಡ್ಡಿನಲ್ಲಂತೂ ಇಡಬೇಡಿ.

ಟ್ಯೂಬುಲರ್‌ನ ಪರವಾಗಿಯೂ ಹೇಳಬೇಕು. ಬೆಲೆ ಕಡಿಮೆ. ಓಣಿಯ ಬ್ಯಾಟರಿ ಅಂಗಡಿಯವರಿಗೆ ಅದರ ರಿಪೇರಿ ಗೊತ್ತು. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ವಾರಕ್ಕೊಮ್ಮೆ ತಾಸು ಎರಡು ತಾಸು ಕರೆಂಟು ಹೋಗುವ ಮನೆಗೆ ಅದೇ ಸಾಕು. ದಿನಾ ತುಂಬಿಸಿ ದಿನಾ ಖಾಲಿ ಮಾಡುವ ಕೆಲಸಕ್ಕೆ ಮಾತ್ರ ಅದು ಬೇಡ.

ಗೃಹಜ್ಯೋತಿ ಇರುವವರು ಇನ್ನೂ ಹುಷಾರಾಗಿರಬೇಕು. ಬ್ಯಾಟರಿ ನುಂಗುವ ಕರೆಂಟೂ ಮೀಟರಿನಲ್ಲಿ ಓಡುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅಂಚಿನಲ್ಲಿರುವ ಮನೆಗೆ ದಿನಾ ಬ್ಯಾಟರಿ ಓಡಿಸುವುದು ನಷ್ಟದ ದಾರಿ.

ಲಿಥಿಯಂ ಅಂತ ತೀರ್ಮಾನ ಮಾಡಿದರೆ, ಹಳೆಯ ಇನ್ವರ್ಟರಿಗೆ ಲಿಥಿಯಂ ಮೋಡ್ (ಲಿಥಿಯಂಗೆ ತಕ್ಕಂತೆ ಚಾರ್ಜ್ ಮಾಡುವ ಸೆಟ್ಟಿಂಗ್) ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಇನ್ವರ್ಟರಿನ ಖರ್ಚನ್ನೂ ಸೇರಿಸಿಯೇ ಅಂಗಡಿಯಲ್ಲಿ ರೇಟು ಕೇಳಿ.