ಒಂದೇ ಕೋಣೆಗೆ ಮೂರು ಗೋಡೆ: ಹಳೆಯ ಇಟ್ಟಿಗೆ, ಒತ್ತಿದ ಇಟ್ಟಿಗೆ, ಕಲಸಿದ ಮಣ್ಣು

ಕೆಲಸದ ಸಾಮಾನು ಇಡಲು 12 ಅಡಿ ಉದ್ದ, 10 ಅಡಿ ಅಗಲದ ಒಂದು ಕೋಣೆ ಬೇಕಾಗಿತ್ತು. ಅದರ ಮೂರು ಗೋಡೆಗಳನ್ನು ಮೂರು ಬಗೆಯಲ್ಲಿ ಕಟ್ಟಿದೆ. ಮೊದಲನೆಯದು ಕೆಡವಿದ ಕಟ್ಟಡದ ಹಳೆಯ ಇಟ್ಟಿಗೆಯದು. ಎರಡನೆಯದು, ಪಾಯ ತೋಡಿದಾಗ ಬಂದ ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆಯದು. ಮೂರನೆಯದಕ್ಕೆ ಅದೇ ಮಣ್ಣಿಗೆ ಹುಲ್ಲು ಹಾಕಿ, ತುಳಿದು, ಮುದ್ದೆ ಮುದ್ದೆಯಾಗಿ ಏರಿಸಿದೆ. ನಾಲ್ಕನೆಯ ಬದಿಯನ್ನು ಹಳೆಯ ಬಾಗಿಲು, ಕಿಟಕಿಗಳೇ ತುಂಬಿಕೊಂಡವು.

ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮಣ್ಣಿನ ಗೋಡೆಯನ್ನು ಮಳೆಯ ಎರಚಲು ಬೀಳದ ಬದಿಗೆ ಇಟ್ಟುಕೊಂಡೆ. ಎರಚಲಿನ ಪೆಟ್ಟೆಲ್ಲ ತಿಂದದ್ದು ಹಳೆಯ ಇಟ್ಟಿಗೆಯ ಗೋಡೆ.

ಅತಿ ಹೆಚ್ಚು ಕಲಿಸಿದ್ದು ಆ ಹಳೆಯ ಇಟ್ಟಿಗೆಯೇ. ತಂದು ಸುರಿದ ಗುಡ್ಡೆಯಲ್ಲಿ ಎರಡು ಜಾತಿ ಇತ್ತು. ಕೆಲವಕ್ಕೆ ಸುಣ್ಣದ ಗಾರೆ ಅಂಟಿತ್ತು, ಕೆಲವಕ್ಕೆ ಸಿಮೆಂಟ್. ಸುಣ್ಣದವನ್ನು ಅಂಗೈ ಮೇಲಿಟ್ಟು ಉಳಿಯ ಹಿಂಬದಿಯಿಂದ ಎರಡು ಸಲ ತಟ್ಟಿದರೆ ಗಾರೆ ಹಕ್ಕಳೆಯ ಹಾಗೆ ಎದ್ದು ಬರುತ್ತಿತ್ತು. ಕೆಳಗೆ ಇಟ್ಟಿಗೆಯ ಮೈ ಹೊಸದರಂತೆ ಕೆಂಪಗೆ ಕಾಣುತ್ತಿತ್ತು. ಸಿಮೆಂಟಿನವು ಪಟ್ಟು ಬಿಡಲಿಲ್ಲ. ಗಾರೆಗೆ ಕೊಟ್ಟ ಏಟು ಇಟ್ಟಿಗೆಗೆ ತಗುಲಿ ಅದೇ ಸೀಳುತ್ತಿತ್ತು. ಸುಣ್ಣದ ಗುಂಪಿನಲ್ಲಿ ನೂರಕ್ಕೆ ಹತ್ತೋ ಹನ್ನೆರಡೋ ಹಾಳಾದವು. ಸಿಮೆಂಟಿನ ಗುಂಪಿನಲ್ಲಿ ಅರ್ಧದಷ್ಟು ಹೋಯಿತು. ಒಂದೇ ಗೂಡಿನಲ್ಲಿ ಬೆಂದಿರಬಹುದಾದ ಇಟ್ಟಿಗೆಗಳ ಹಣೆಬರಹವನ್ನು ನಡುವಿನ ಅರ್ಧ ಅಂಗುಲದ ಗಾರೆ ಬರೆದಿತ್ತು.

ಉಳಿದವನ್ನು ಆರಿಸುವುದೂ ಕೆಲಸವೇ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದರೆ ಠಣ್ ಎನ್ನಬೇಕು, ಬದ್ ಎಂದರೆ ಪಕ್ಕಕ್ಕೆ. ಅನುಮಾನ ಬಂದವನ್ನು ಒಣಗಿಸಿ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿದೆ. ತೂಕ ಶೇ. 20ಕ್ಕಿಂತ ಹೆಚ್ಚಿದವನ್ನು ಗೋಡೆಗೆ ಹಾಕಲಿಲ್ಲ. ಒಡೆದ ಚೂರುಗಳೂ ಹಾಳಾಗಲಿಲ್ಲ: ಕುಟ್ಟಿ ಜರಡಿ ಹಿಡಿದು ಸುರ್ಕಿ ಮಾಡಿ, ಅದೇ ಗೋಡೆಯ ಸುಣ್ಣದ ಗಾರೆಗೆ ಬೆರೆಸಿದೆ. ಸುರ್ಕಿ ಸೇರಿದ ಸುಣ್ಣ ತೇವದಲ್ಲೂ ಬಿಗಿಯುತ್ತದೆ, ಬರಿಯ ಸುಣ್ಣಕ್ಕೆ ಆ ಗುಣವಿಲ್ಲ.

ಇಟ್ಟಿಗೆಯನ್ನು ಮಗ್ಗುಲ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಇಲಿಬೋನಿನ ಜೋಡಣೆಯನ್ನೂ ಇಲ್ಲಿ ಪ್ರಯತ್ನಿಸಿದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅದನ್ನು ಬಳಕೆಗೆ ತಂದರು. ಹತ್ತಿರ ಹತ್ತಿರ ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗಿನ ಗಾಳಿ ಬಿಸಿಲಿನ ಝಳವನ್ನು ತಡೆಯುತ್ತದೆ. ಆದರೆ ಮೂಲೆ ಮುಕ್ಕಾದ ಹಳೆಯ ಇಟ್ಟಿಗೆಗೆ ಅದು ಒಗ್ಗಲಿಲ್ಲ. ನಾಲ್ಕು ಸಾಲು ಏರಿಸುವಷ್ಟರಲ್ಲಿ ತೂಗುಗುಂಡು ಗೋಡೆಯಿಂದ ಅರ್ಧ ಅಂಗುಲ ದೂರ ನಿಂತಿತು. ಬಿಚ್ಚಿ, ಮಾಮೂಲಿನ ಒಂಬತ್ತು ಅಂಗುಲದ ಗೋಡೆಯನ್ನೇ ಕಟ್ಟಿದೆ. ಅಂಚು ನೇರವಿರುವ ಇಟ್ಟಿಗೆ ಸಿಕ್ಕರೆ ಮಾತ್ರ ಆ ಜೋಡಣೆಗೆ ಕೈಹಾಕಿ.

ಒತ್ತಿದ ಇಟ್ಟಿಗೆಯದು ಬೇರೆಯೇ ಸುಖ. 1950ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ರೌಲ್ ರಾಮಿರೆಜ್ ರೂಪಿಸಿದ ಸಿನ್ವಾ-ರಾಮ್ ಯಂತ್ರದ ಮಾದರಿಯದನ್ನೇ ನಾನೂ ಬಳಸಿದ್ದು: ಪೆಟ್ಟಿಗೆಗೆ ಮಣ್ಣು ತುಂಬುವುದು, ಮುಚ್ಚುವುದು, ಉದ್ದನೆಯ ಹಿಡಿಗೆ ಮೈಭಾರ ಬಿಡುವುದು. ಮಣ್ಣನ್ನು ಮಾತ್ರ ಮೊದಲು ಅರಿಯಬೇಕು. ಮೇಲ್ಪದರದ, ಬೇರು ಗೊಬ್ಬರ ಸೇರಿದ ಮಣ್ಣು ಬೇಡ. ಗಾಜಿನ ಸೀಸೆಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮರಳು ನಿಮಿಷಗಳಲ್ಲಿ ತಳ ಸೇರುತ್ತದೆ, ಜೇಡಿ ಎಲ್ಲಕ್ಕಿಂತ ಕೊನೆಗೆ ಕೂರುತ್ತದೆ. ನನ್ನ ಮಣ್ಣಿನಲ್ಲಿ ಜೇಡಿ ಹೆಚ್ಚಿತ್ತು. ಮೊದಲ ದಿನ ಒತ್ತಿದವೆಲ್ಲ ಒಣಗುತ್ತ ಬಿರುಕು ಬಿಟ್ಟವು. ಹಳೆಯ ಗಾರೆ ಕೆರೆದ ಪುಡಿಯನ್ನೂ ಮರಳನ್ನೂ ಸೇರಿಸಿದ ಮೇಲೆ ಸರಿಹೋಯಿತು. ಸಿಮೆಂಟ್ ಶೇ. 5ರಷ್ಟು ಹಾಕಿ, ಮೂರು ವಾರ ತೇವ ಆರದಂತೆ ಮುಚ್ಚಿಟ್ಟೆ.

ಅಳತೆ ಒಂದೇ ಆದ್ದರಿಂದ ಗೋಡೆ ಸರಸರನೆ ಎದ್ದಿತು. ನೋಡುವವರೆಲ್ಲ ಮೊದಲು ಮೆಚ್ಚಿದ್ದು ಇದನ್ನೇ. ಸುಡುವ ಇಟ್ಟಿಗೆಗೆ ಬೇಕಾಗುವ 900–1000 ಡಿಗ್ರಿ ಸೆಲ್ಸಿಯಸ್ ಬೆಂಕಿಯೂ ಇದಕ್ಕೆ ಬೇಡ.

ಕಲಸಿದ ಮಣ್ಣಿನ ಗೋಡೆಗೆ ಬೇಕಾದದ್ದು ಮಣ್ಣು, ಹುಲ್ಲು, ನೀರು, ಕಾಲು, ತಾಳ್ಮೆ. ಒಂದೂವರೆ ಅಡಿ ಏರಿಸಿದ ಮೇಲೆ ಅದು ಗಟ್ಟಿಯಾಗುವ ತನಕ ಕಾಯಲೇಬೇಕು, ಇಲ್ಲದಿದ್ದರೆ ತನ್ನ ಭಾರಕ್ಕೇ ಹೊಟ್ಟೆ ಬಿಡುತ್ತದೆ. ನೆಲದಿಂದ ಒಂದೂವರೆ ಅಡಿ ಕಲ್ಲಿನ ಕಟ್ಟೆ, ಮೇಲೆ ಎರಡಡಿ ಚಾಚಿದ ಸೂರು ಇಲ್ಲದೆ ಇದನ್ನು ಕಟ್ಟಬಾರದು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಜೆನ್ನೆ ಊರಿನಲ್ಲಿ 1907ರಲ್ಲಿ ಕಟ್ಟಿದ ದೊಡ್ಡ ಮಸೀದಿ ಇಂದಿಗೂ ಮಣ್ಣಿನದೇ, ಆದರೆ ಊರವರು ಸೇರಿ ಅದಕ್ಕೆ ವರ್ಷವರ್ಷವೂ ಹೊಸ ಮಣ್ಣು ಮೆತ್ತುತ್ತಾರೆ. ನನ್ನ ಗೋಡೆಗೂ ಒಂದು ಮಳೆಗಾಲ ಕಳೆದ ಮೇಲೆ ಬುಡದಲ್ಲಿ ತೇಪೆ ಹಾಕಬೇಕಾಯಿತು. ಬೇಸಿಗೆಯ ನಡುಮಧ್ಯಾಹ್ನ ಕೈಯಿಟ್ಟರೆ ಮೂರರಲ್ಲಿ ತಣ್ಣಗಿರುವುದು ಇದೊಂದೇ. ದಪ್ಪವೂ ಇದರದೇ ಹೆಚ್ಚು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ಒತ್ತಿದ ಇಟ್ಟಿಗೆಗೇ ಮೊದಲ ಸ್ಥಾನ ಕೊಡುತ್ತಿದ್ದೆ. ಒಂದೂವರೆ ವರ್ಷದ ನಂತರ ಗಾಳಿ ಸಾಲದು ಎನಿಸಿ ಮೂರೂ ಗೋಡೆಗಳಲ್ಲಿ ಚಿಕ್ಕ ಕಿಂಡಿ ತೆಗೆಯಲು ಹೊರಟೆ. ಮೇಲೆ ಹಳೆಯ ತೊಲೆಯ ತುಂಡನ್ನು ಅಡ್ಡ ಕೊಟ್ಟು ಕೆಳಗೆ ಬಿಡಿಸತೊಡಗಿದೆ. ಹಳೆಯ ಇಟ್ಟಿಗೆಯ ಗೋಡೆಯಲ್ಲಿ ಸಂದಿಗೆ ಉಳಿ ತೂರಿಸಿದರೆ ಸುಣ್ಣ ಸಡಿಲಿತು. ನಲವತ್ತು ಇಟ್ಟಿಗೆಯಲ್ಲಿ ಮೂರು ಮುರಿದವು, ಉಳಿದವು ಮೂರನೆಯ ಬಾಳಿಗೆ ಸಿದ್ಧವಾದವು. ಮಣ್ಣಿನ ಗೋಡೆಗೆ ನೀರು ಚಿಮುಕಿಸಿ ಹಾರೆಯಿಂದ ಕೊರೆದೆ. ಬಿದ್ದ ಹೆಂಟೆಗಳನ್ನು ರಾತ್ರಿ ತೊಟ್ಟಿಯಲ್ಲಿ ನೆನೆಹಾಕಿದೆ, ಬೆಳಿಗ್ಗೆ ಮತ್ತೆ ಕೆಸರಾಗಿತ್ತು. ಕಿಂಡಿಯ ಅಂಚನ್ನು ಅದರಿಂದಲೇ ಮೆತ್ತಿದೆ.

ಒತ್ತಿದ ಇಟ್ಟಿಗೆಯ ಗೋಡೆಯಿಂದ ಒಂದೂ ಇಡಿಯಾಗಿ ಬರಲಿಲ್ಲ. ತಪ್ಪು ಇಟ್ಟಿಗೆಯದಲ್ಲ, ನನ್ನದು. ಬೇಗ ಮುಗಿಯಲೆಂದು ಗಟ್ಟಿ ಸಿಮೆಂಟ್ ಗಾರೆಯಲ್ಲಿ ಕಟ್ಟಿಬಿಟ್ಟಿದ್ದೆ. ಸಂದಿಗಿಂತ ಇಟ್ಟಿಗೆಯೇ ಮೆದುವಾದ್ದರಿಂದ ಪ್ರತಿ ಏಟಿಗೂ ಇಟ್ಟಿಗೆಯೇ ಒಡೆಯಿತು. ಆ ಚೂರನ್ನು ನೀರಿಗೆ ಹಾಕಿದರೂ ಮಣ್ಣಾಗಲಿಲ್ಲ. ಗುಡ್ಡೆಯ ಮುಂದೆ ಕೂತು ಯಾರೋ ಹಾಕಿದ್ದ ಸಿಮೆಂಟನ್ನು ಶಪಿಸಿದವನು ನಾನೇ. ಅದನ್ನೇ ನನ್ನ ಗೋಡೆಗೂ ಮಾಡಿದ್ದೆನಲ್ಲ ಎಂದು ನಿಜಕ್ಕೂ ನೋವಾಯಿತು. ಚೂರುಗಳು ನೆಲದ ಅಡಿ ತುಂಬಲು ಹೋದವು.

ಆದ್ದರಿಂದ ನನ್ನ ಆಯ್ಕೆ ಈಗ ಹೀಗಿದೆ. ಎರಚಲು ಬೀಳುವ ಬದಿಗೆ, ಸುಣ್ಣ-ಸುರ್ಕಿಯಲ್ಲಿ ಕಟ್ಟಿದ ಹಳೆಯ ಇಟ್ಟಿಗೆ. ಸೂರಿನ ನೆರಳಿರುವ ಬದಿಗೆ, ವರ್ಷಕ್ಕೊಮ್ಮೆ ಕೈಯಾಡಿಸಲು ಮನಸ್ಸಿದ್ದವರಿಗೆ, ಕಲಸಿದ ಮಣ್ಣು. ಸಮಯ ಕಡಿಮೆ ಇದ್ದು ಮಣ್ಣು ಚೆನ್ನಾಗಿದ್ದರೆ ಒತ್ತಿದ ಇಟ್ಟಿಗೆಯನ್ನು ಈಗಲೂ ಹೇಳುತ್ತೇನೆ, ಆದರೆ ಸಂದಿಯ ಗಾರೆ ಇಟ್ಟಿಗೆಗಿಂತ ಮೆದುವಾಗಿರಲಿ. ನನ್ನ ಮಣ್ಣಿನಂತೆ ಜೇಡಿ ಹೆಚ್ಚಿರುವಲ್ಲಿ ಸಿಮೆಂಟಿಗಿಂತ ಸುಣ್ಣ ಬೆರೆಸುವುದೇ ಒಳ್ಳೆಯದು ಎಂಬುದನ್ನೂ ತಡವಾಗಿ ತಿಳಿದೆ. ಪಕ್ಕದಲ್ಲಿ ಎಬ್ಬಿಸಲಿರುವ ಇನ್ನೊಂದು ಗೋಡೆಗಾಗಿ ತೊಟ್ಟಿಯಲ್ಲಿ ಸುಣ್ಣ ನೆನೆಯುತ್ತಿದೆ.