ಅಂಡರ್‌ಕೋಟಿಂಗ್ ಮಾಡಿಸಿ ಒಂದು ಮಳೆಗಾಲ ಕಳೆಯಿತು

ನಾವು ಬೆಳಗಾವಿಯವರು, ತಿಂಗಳಿಗೆ ಎರಡು ಸಲವಾದರೂ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಬೇಕು. ಇಲ್ಲಿ ಬಿಡದ ಮಳೆ, ಅಲ್ಲಿ ಸಮುದ್ರದ ಉಪ್ಪುಗಾಳಿ, ಕಾರಿನ ಅಡಿಗೆ ತುಕ್ಕು ಹಿಡಿಯೋಕೆ ಇನ್ನೇನು ಬೇಕು? ಅದಕ್ಕೇ ಮೇ ತಿಂಗಳಲ್ಲೇ ಊರಿನ ಒಂದು ಗ್ಯಾರೇಜಿನಲ್ಲಿ ಅಂಡರ್‌ಕೋಟಿಂಗ್, ಅಂದರೆ ಕಾರಿನ ಅಡಿಭಾಗಕ್ಕೆ ತುಕ್ಕು ತಡೆಯುವ ರಬ್ಬರ್ ಕೋಟಿಂಗ್, ಮಾಡಿಸಿದೆ.

ಕೆಲಸ ಚೆನ್ನಾಗಿತ್ತು. ಗಾಡಿ ಲಿಫ್ಟ್‌ಗೆ ಏರಿಸಿ, ಜೋರು ನೀರು ಬಿಟ್ಟು ಕೆಸರು ತೊಳೆದು, ಪೂರ್ತಿ ಒಣಗಿಸಿ, ಅಲ್ಲಲ್ಲಿ ಇದ್ದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆದ ಮೇಲೇ ಸ್ಪ್ರೇ ಹೊಡೆದರು. ಇದೇ ಮುಖ್ಯ. ಒದ್ದೆ ಮೇಲೆ ಹೊಡೆದರೆ ನೀರು ಒಳಗೇ ಸಿಕ್ಕಿಕೊಂಡು ತುಕ್ಕು ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ? ಸೈಲೆನ್ಸರ್‌ಗೆ, ಬ್ರೇಕ್ ಡಿಸ್ಕ್‌ಗೆ ಪೇಪರ್ ಸುತ್ತಿದ್ದರು.

ಒಂದೇ ಬೇಜಾರು. ಬಾಗಿಲ ಕೆಳಗೆ ನೀರು ಇಳಿದು ಹೋಗುವ ಎರಡು ತೂತು ಕೋಟಿಂಗ್‌ನಲ್ಲಿ ಮುಚ್ಚಿಹೋಗಿದ್ದವು. ನಾನು ತೋರಿಸಿದ ಮೇಲೆ ಬಿಡಿಸಿಕೊಟ್ಟರು. ನೀವೂ ದುಡ್ಡು ಕೊಡುವ ಮೊದಲು ಬಗ್ಗಿ ನೋಡಿ.

ಅಕ್ಟೋಬರ್‌ನಲ್ಲಿ ಮತ್ತೆ ಲಿಫ್ಟ್‌ಗೆ ಹಾಕಿಸಿ ನೋಡಿದೆ. ಹಿಂದಿನ ಚಕ್ರದ ಹತ್ತಿರ ಕಲ್ಲು ಬಡಿದು ಒಂದು ಕಡೆ ಚಕ್ಕೆ ಎದ್ದಿದೆ, ಅಲ್ಲಿಗಷ್ಟೇ ಟಚಪ್ ಬೇಕು. ಉಳಿದದ್ದು ಗಟ್ಟಿಯಾಗಿದೆ, ಕಲ್ಲು ಸಿಡಿಯುವ ಸದ್ದೂ ಕಡಿಮೆ.