ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್: ದಿಗಿಲಿನ ದಿನಗಳಲ್ಲಿ ಬಳಸಿ ನೋಡಿದ್ದು

ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿಗಿಂತ ತುಸು ದಪ್ಪಗಿರುವ ಈ ಪಲ್ಸ್ ಆಕ್ಸಿಮೀಟರನ್ನು ನಾನು ಕೊಂಡದ್ದು 2020ರಲ್ಲಿ, ಕೋವಿಡ್ ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ. ಆಗ ನನಗೆ ಸೋಂಕು ತಗುಲಿರಲಿಲ್ಲ. ಆದರೆ ಏದುಸಿರು ಕಾಣಿಸದೆಯೇ ರಕ್ತದ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದ ರೋಗಿಗಳ ಸುದ್ದಿ ದಿನವೂ ಕಿವಿಗೆ ಬೀಳುತ್ತಿತ್ತು. ಮೈಯೊಳಗೆ ಸದ್ದಿಲ್ಲದೆ ನಡೆಯುವ ಇಂಥದ್ದನ್ನು ಅಂಕಿಯಲ್ಲಿ ತೋರಿಸುವ ಉಪಕರಣವೊಂದು ತಲೆದಿಂಬಿನ ಪಕ್ಕದಲ್ಲಿದ್ದರೆ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದೆಂದು ನಂಬಿದ್ದೆ. ಬ್ರಾಂಡಿನ ಹೆಸರು ಇಲ್ಲಿ ಮುಖ್ಯವಲ್ಲ. ಈ ಬಗೆಯ ಯಂತ್ರಗಳೆಲ್ಲವೂ ಹೆಚ್ಚುಕಡಿಮೆ ಒಂದೇ ತತ್ತ್ವದ ಮೇಲೆ ನಡೆಯುತ್ತವೆ, ಮತ್ತು ನನ್ನ ತಕರಾರಿನ ಬಹುಪಾಲು ಯಂತ್ರಕ್ಕಿಂತ ಅದನ್ನು ನಾನು ಬಳಸಿದ ರೀತಿಗೆ ಸಂಬಂಧಿಸಿದ್ದು.

ಉಪಕರಣ ಸರಳವಾಗಿದೆ. ಎರಡು ಟ್ರಿಪಲ್ ಎ ಬ್ಯಾಟರಿ, ಒಂದೇ ಗುಂಡಿ, ಕತ್ತಲಲ್ಲೂ ಓದಲು ಬರುವ ಪರದೆ. ಬೆರಳನ್ನು ಒಳಗಿಟ್ಟರೆ ಒಂದು ಬದಿಯಿಂದ ಕೆಂಪು ಮತ್ತು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕು ಹಾಯುತ್ತದೆ. ಎಷ್ಟು ಬೆಳಕು ದಾಟಿ ಬಂತೆಂಬುದನ್ನು ಇನ್ನೊಂದು ಬದಿಯ ಸಂವೇದಕ ಅಳೆಯುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಗೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ಆ ವ್ಯತ್ಯಾಸದಿಂದ, ಹಿಮೋಗ್ಲೋಬಿನ್‌ನ ಎಷ್ಟು ಪಾಲು ಆಮ್ಲಜನಕ ಹೊತ್ತಿದೆಯೆಂಬ ಶೇಕಡಾವಾರು ಲೆಕ್ಕ ಹೊರಡುತ್ತದೆ. ನಾಡಿಯ ಬಡಿತದೊಂದಿಗೆ ಏರಿಳಿಯುವ ಬೆಳಕನ್ನು ಮಾತ್ರ ಗಣನೆಗೆ ತೆಗೆದುಕೊಂಡರೆ, ಚರ್ಮ ಮಾಂಸಗಳನ್ನು ಬದಿಗಿಟ್ಟು ಅಪಧಮನಿಯ ರಕ್ತವನ್ನಷ್ಟೇ ಅಳೆಯಬಹುದೆಂಬುದನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅವೊಯಗಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಅವರ ಸೂತ್ರದಿಂದ ಹುಟ್ಟಿದ ಯಂತ್ರಕ್ಕಾಗಿ ಜನ ಎಲ್ಲೆಡೆ ಹುಡುಕಾಡುತ್ತಿದ್ದ ದಿನಗಳಲ್ಲಿಯೇ.

ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಎಚ್ಚರವಾದಾಗ, ಎಷ್ಟು ಎಳೆದುಕೊಂಡರೂ ಉಸಿರು ಎದೆಯ ತಳ ಮುಟ್ಟುತ್ತಿಲ್ಲವೆನಿಸಿತು. ಆಕಳಿಸಿದೆ, ನಿಟ್ಟುಸಿರು ಬಿಟ್ಟೆ, ಕಿಟಕಿ ತೆರೆದೆ. ತುಟಿಯ ಸುತ್ತ ಜುಮುಗುಟ್ಟತೊಡಗಿತು, ಬೆರಳ ತುದಿಗಳು ಜೋಮು ಹಿಡಿದವು, ತಲೆ ಹಗುರಾಗಿ ತೇಲಿದಂತಾಯಿತು. ಆಕ್ಸಿಮೀಟರ್ ಸಿಕ್ಕಿಸಿದೆ. ಪರದೆಯ ಮೇಲೆ 98 ಮೂಡಿತು. ಅದರ ಕೆಳಗೆ ನಾಡಿಬಡಿತ 112. ಮೇಲಿನ ಅಂಕಿ ಸಮಾಧಾನ ಹೇಳಿದರೆ ಕೆಳಗಿನದು ಹೆದರಿಸಿತು. ಹೆದರಿದ್ದಕ್ಕೆ ಅದು 118ಕ್ಕೆ ಏರಿತು. ಏರಿದ್ದನ್ನು ಕಂಡು ನಾನು ಇನ್ನಷ್ಟು ಬೇಗ ಉಸಿರಾಡತೊಡಗಿದೆ. ಯಂತ್ರವೇ ಕೆಟ್ಟಿರಬಹುದೆಂದು ಬೆರಳು ಬದಲಾಯಿಸಿದೆ. ಎಂಟು ಬೆರಳುಗಳ ಪರೀಕ್ಷೆ ಮುಗಿಯುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು, ಪ್ರತಿ ಬೆರಳೂ 97 ಅಥವಾ 98 ಎಂದೇ ಹೇಳಿತ್ತು, ಉಸಿರು ಮಾತ್ರ ಸರಿಹೋಗಿರಲಿಲ್ಲ.

ಯಂತ್ರ ಸುಳ್ಳು ಹೇಳಿರಲಿಲ್ಲ, ನನ್ನ ಸಂಕಟವೂ ಸುಳ್ಳಾಗಿರಲಿಲ್ಲ. ಎರಡೂ ಒಟ್ಟಿಗೆ ಹೇಗೆ ನಿಜವಾಗಬಹುದೆಂಬುದನ್ನು ಫೋನಿನಲ್ಲಿ ವೈದ್ಯರು ಬಿಡಿಸಿ ಹೇಳಿದ ಮೇಲೆಯೇ ನನಗೆ ಅರ್ಥವಾಯಿತು. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಆತಂಕದಲ್ಲಿ ಆ ವೇಗವೂ ಆಳವೂ ಹೆಚ್ಚುತ್ತವೆ. ಹಾಗೆ ಹೆಚ್ಚು ಉಸಿರಾಡಿದರೂ ರಕ್ತಕ್ಕೆ ಸೇರುವ ಆಮ್ಲಜನಕ ಹೆಚ್ಚುವುದು ಅತ್ಯಲ್ಪ, ಏಕೆಂದರೆ ಆರೋಗ್ಯವಂತರ ಹಿಮೋಗ್ಲೋಬಿನ್ ಆಗಲೇ ಬಹುಪಾಲು ತುಂಬಿರುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಅಳತೆ ಮೀರಿ ಹೊರಗೆ ಹೋಗುತ್ತದೆ. ಅಪಧಮನಿಯ ರಕ್ತದಲ್ಲಿ ಅದರ ಒತ್ತಡ 35ರಿಂದ 45 ಮಿಲಿಮೀಟರ್ ಪಾದರಸದಷ್ಟು ಇರಬೇಕು. ಅದು ಇಳಿದಾಗ ರಕ್ತದ ಕ್ಷಾರಗುಣ ಹೆಚ್ಚುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ, ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಅಯಾನು ಕಡಿಮೆಯಾಗಿ ತುಟಿ ಬೆರಳುಗಳು ಜುಮುಗುಟ್ಟುತ್ತವೆ. ಒಳಗೆ ಎಳೆದುಕೊಂಡದ್ದನ್ನು ಪೂರ್ತಿ ಹೊರಬಿಡದೆ ಮತ್ತೆ ಎಳೆದುಕೊಳ್ಳುವುದರಿಂದ ಮುಂದಿನ ಉಸಿರಿಗೆ ಎದೆಯಲ್ಲಿ ಜಾಗವೇ ಉಳಿದಿರುವುದಿಲ್ಲ, ಆದ್ದರಿಂದ ಗಾಳಿ ಸಾಲದು ಎಂಬ ಭಾವನೆ ಗಟ್ಟಿಯಾಗುತ್ತದೆ. ಆತಂಕ ಏರುಪೇರು ಮಾಡುವುದು ಇಂಗಾಲದ ಡೈಆಕ್ಸೈಡನ್ನು. ಈ ಯಂತ್ರ ಅಳೆಯುವುದು ಆಮ್ಲಜನಕವನ್ನು. ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ ಬ್ಯಾಟರಿ ಹಾಕುವ ಚಿತ್ರಕ್ಕೆ ಅರ್ಧ ಪುಟ ಕೊಟ್ಟಿದ್ದಾರೆ, ಇದರ ಬಗ್ಗೆ ಒಂದು ಸಾಲೂ ಇಲ್ಲ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಅಂಥ ಕಾಲದಲ್ಲಿ ಮನೆಮನೆಗೆ ಹೋದ ಉಪಕರಣವೊಂದರ ಕೈಪಿಡಿಯಲ್ಲಿ ಆ ಒಂದು ಸಾಲು ಇರಬೇಕಿತ್ತು.

ಮುಂದಿನ ಕೆಲವು ವಾರಗಳನ್ನು ನೆನೆದರೆ ನಾಚಿಕೆಯಾಗುತ್ತದೆ. ಹಲ್ಲುಜ್ಜುವ ಮೊದಲು ಒಮ್ಮೆ, ಉಜ್ಜಿದ ಮೇಲೆ ಒಮ್ಮೆ, ಸುದ್ದಿ ಕೇಳಿದಾಗಲೆಲ್ಲ ಒಮ್ಮೆ ಬೆರಳು ತಾನಾಗಿ ಯಂತ್ರದೊಳಗೆ ಹೋಗುತ್ತಿತ್ತು. 98 ಕಂಡರೆ ಸಿಗುವ ನೆಮ್ಮದಿ ಹತ್ತು ನಿಮಿಷವೂ ಬಾಳುತ್ತಿರಲಿಲ್ಲ. 96 ಕಂಡರೆ ಅರ್ಧ ದಿನ ಹಾಳು. ಇಂಥ ಯಂತ್ರಗಳ ಅಂಕಿ ನಿಜವಾದ ಮಟ್ಟಕ್ಕಿಂತ ಎರಡು ಮೂರು ಅಂಶ ಆಚೀಚೆ ಇರುವುದು ಸಹಜವೆಂದೂ, 95ರಿಂದ 100ರವರೆಗೆ ಸಾಮಾನ್ಯವೆಂದೂ ತಿಳಿದಿದ್ದರೂ ಕಣ್ಣು ಹುಡುಕುತ್ತಿದ್ದದ್ದು ನಿನ್ನೆಗಿಂತ ಇಂದು ಎಷ್ಟು ಕಡಿಮೆಯಾಯಿತೆಂಬುದನ್ನೇ. ಉಸಿರಾಟ ತನ್ನ ಪಾಡಿಗೆ ತಾನು ನಡೆಯುವ ಕೆಲಸ. ದಿನವಿಡೀ ಅದನ್ನು ಕಾವಲು ಕಾದರೆ ಪ್ರತಿ ಉಸಿರನ್ನೂ ನಾವೇ ಎಳೆಯಬೇಕೇನೋ ಎನ್ನಿಸಲು ತೊಡಗುತ್ತದೆ, ಮತ್ತು ಈ ಯಂತ್ರ ಆ ಕಾವಲಿಗೆ ಹೇಳಿ ಮಾಡಿಸಿದಂತಿದೆ.

ಯಂತ್ರದ ಸ್ವಂತ ದೋಷಗಳೂ ಇವೆ. ಬೆರಳು ತಣ್ಣಗಿದ್ದರೆ ಅದು ತಡವರಿಸುತ್ತದೆ. ಆತಂಕದಲ್ಲಿ ಕೈಕಾಲು ತಣ್ಣಗಾಗುವುದು ಸಾಮಾನ್ಯವಾದ್ದರಿಂದ ತೀರ ಬೇಕಾದಾಗಲೇ ಮೊದಲ ಕೆಲವು ಕ್ಷಣ 89, 91 ಎಂಬಂಥ ಅಂಕಿ ಮಿಂಚಿ ಜೀವ ಬಾಯಿಗೆ ಬರುತ್ತದೆ. ಉಗುರುಬಣ್ಣ ಮತ್ತು ಕೈನಡುಕವೂ ಅಳತೆಯನ್ನು ಕೆಡಿಸುತ್ತವೆ. ಚರ್ಮದ ಬಣ್ಣದ ವಿಷಯ ಇನ್ನೂ ಗಂಭೀರ: 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಕಂಡುಬಂದವು. ಕಡು ಬಣ್ಣದ ಚರ್ಮದವರಿಗೆ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂಬ ಎಚ್ಚರಿಕೆಯೂ ನನ್ನ ಕೈಪಿಡಿಯಲ್ಲಿಲ್ಲ. ಬೀಪ್ ಸದ್ದನ್ನು ನಿಲ್ಲಿಸುವುದು ಹೇಗೆಂದು ಕಂಡುಹಿಡಿಯಲು ನನಗೆ ಎರಡು ದಿನ ಬೇಕಾಯಿತು, ಅದು ಬೇರೆ ಮಾತು.

2021ರಲ್ಲಿ ಜ್ವರ ಬಂದು ಸೋಂಕು ಖಚಿತವಾದಾಗ ಇದೇ ಯಂತ್ರ ಬಂಗಾರದಂತೆ ಕೆಲಸ ಮಾಡಿತು. ಐದು ನಿಮಿಷ ಕೂತು, ಕೈ ಬೆಚ್ಚಗಿಟ್ಟುಕೊಂಡು, ಅಂಕಿ ಒಂದು ನಿಮಿಷ ನಿಂತ ಮೇಲೆ ಬರೆದುಕೊಳ್ಳಬೇಕು, ದಿನಕ್ಕೆ ಮೂರೇ ಸಲ, 94ಕ್ಕಿಂತ ಕೆಳಗೆ ಹೋದರೆ ಕೂಡಲೇ ಕರೆ ಮಾಡಬೇಕು ಎಂದು ವೈದ್ಯರು ಹೇಳಿದ್ದರು. ಅಂಕಿ ಏನೇ ಇರಲಿ, ಎದೆನೋವು ಬಂದರೆ, ತುಟಿ ನೀಲಿಗಟ್ಟಿದರೆ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿದ್ದರೆ ಯಂತ್ರವನ್ನು ನೋಡುತ್ತ ಕೂರಬಾರದೆಂದೂ ಎಚ್ಚರಿಸಿದ್ದರು. ಹತ್ತು ದಿನ ಬರೆದಿಟ್ಟ ಅಂಕಿಗಳಲ್ಲಿ ಅತಿ ಕಡಿಮೆಯದು 95. ಆ ದಿನಗಳ ದಣಿವಿನ ಏದುಸಿರು ಮೆಟ್ಟಿಲು ಹತ್ತಿದರೆ ಹೆಚ್ಚುತ್ತಿತ್ತು. ಹಿಂದಿನ ವರ್ಷದ ಉಸಿರುಗಟ್ಟು ಸುಮ್ಮನೆ ಕೂತಾಗ ಬಂದು, ಯಾರೊಂದಿಗಾದರೂ ಮಾತಿಗಿಳಿದರೆ ಮರೆತುಹೋಗುತ್ತಿತ್ತು. ಇದು ನನ್ನ ಮೈಯ ಮಟ್ಟಿಗೆ ಕಂಡ ವ್ಯತ್ಯಾಸ. ಇದನ್ನೇ ನೆಚ್ಚಿ ಯಾರೂ ತಮಗೆ ತಾವೇ ರೋಗನಿರ್ಣಯ ಮಾಡಿಕೊಳ್ಳಬಾರದು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯವನ್ನಂತೂ ಬೇಡವೆಂದೇ ಹೇಳುತ್ತೇನೆ, ಆಮ್ಲಜನಕ ನಿಜವಾಗಿ ಕಡಿಮೆಯಾಗಿದ್ದರೆ ಅದು ಅಪಾಯ ತರುತ್ತದೆ. ನನಗೆ ನೆರವಾದದ್ದು ಉಸಿರನ್ನು ಮೂಗಿನಿಂದ ಮೆಲ್ಲಗೆ ಒಳಗೆಳೆದು, ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ನಿಧಾನವಾಗಿ ಹೊರಬಿಡುವ ಅಭ್ಯಾಸ. ನಿಮಿಷಕ್ಕೆ ಆರರ ಆಸುಪಾಸಿಗೆ ಬಂದರೆ ಕೆಲವೇ ನಿಮಿಷಗಳಲ್ಲಿ ಬೆರಳ ಜೋಮು ಬಿಡುತ್ತಿತ್ತು.

ಅಳತೆಯ ಸಾಧನವಾಗಿ ಇದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕೈಪಿಡಿಗೆ ಒಂದು. ಸೋಂಕು ತಗುಲಿ ಮನೆಯಲ್ಲೇ ಚೇತರಿಸಿಕೊಳ್ಳುತ್ತಿರುವವರು ಮತ್ತು ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಕೊಳ್ಳಬಹುದು. ನನ್ನಂತೆ ರಾತ್ರಿ ಎರಡು ಗಂಟೆಗೆ ಎಂಟು ಬೆರಳು ಪರೀಕ್ಷಿಸುವ ಸ್ವಭಾವದವರು ಕೊಂಡರೆ ಅದನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಟ್ಟಿಡುವುದು ಒಳ್ಳೆಯದು. ನನ್ನದು ಈಗ ಬ್ಯಾಟರಿ ತೆಗೆದ ಸ್ಥಿತಿಯಲ್ಲಿ ಥರ್ಮಾಮೀಟರಿನ ಪಕ್ಕ ಬೀರುವಿನಲ್ಲಿದೆ. ಬ್ಯಾಟರಿಗಳು ಬೇರೆ ಕೋಣೆಯಲ್ಲಿವೆ.